ಎಲಿವೇಟರ್ ಬಿಚ್ಚಿ ಕೂತಿದ್ದಾಗ ಯಾರೋ ಸ್ಟಾರ್ಟ್ ಒತ್ತಿದ್ರು, ಫ್ಯೂಸ್ ಕಿತ್ತಿಟ್ರೆ ಸಾಕಾ?

ಆಲೂರು_ಫಿಟ್ಟರ್:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಪೂರ್ತಿ ಓದಿ ಹೇಳಿ ಪ್ಲೀಸ್.

ನಾನು ಹಾಸನದ ಹತ್ರ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿ ಸಿಪ್ಪೆ ತೆಗೆದು ಕಾಳು ವಿಂಗಡಿಸೋ ಫ್ಯಾಕ್ಟರಿ) ಲಿ ಫಿಟ್ಟರ್, ಐಟಿಐ ಮುಗಿಸಿ ಇದು ಮೂರನೇ ವರ್ಷ. ಸೀಸನ್ ಮುಗೀತು, ಮಳೆನೂ ಹಿಡ್ಕೊಳ್ತು, ಈಗ ವರ್ಷದ ಮೆಂಟೆನೆನ್ಸ್ ನಡೀತಾ ಐತೆ. ಹಲ್ಲರ್, ಪೀಲರ್, ಗ್ರೇಡರ್ ಎಲ್ಲ ಬಿಚ್ಚಿ ಹಾಕಿದೀವಿ. ಹೋದ ವಾರ ನಂಗೆ ಕೊಟ್ಟಿದ್ದು ಪೀಲರ್ ಗೆ ಮಾಲು ಎತ್ತಿ ಹಾಕೋ ಮೂರನೇ ನಂಬರ್ ಬಕೆಟ್ ಎಲಿವೇಟರ್, ಬೆಲ್ಟಿಗೆ ಸಾಲಾಗಿ ಬಕೆಟ್ ಹಾಕಿರೋದು, ಸುಮಾರು ನಲವತ್ತು ಅಡಿ ಎತ್ತರ, ಬಕೆಟ್ ಬೋಲ್ಟ್ ಎಲ್ಲ ಸವೆದು ಹೋಗಿದ್ವು. ಕೆಳಗೆ ಗುಂಡಿಲಿ ಬೂಟ್ (ಎಲಿವೇಟರ್ ಬುಡ) ಹತ್ರ ಡೋರ್ ತೆಗೆದು ಒಂದೊಂದೇ ಬಕೆಟ್ ಬೋಲ್ಟ್ ಬದಲಾಯಿಸ್ಕೊಂಡು ಹೋಗ್ತಿದ್ದೆ. ಮೇಸ್ತ್ರಿನ ಕೇಳ್ದೆ ಕರೆಂಟ್ ಆಫ್ ಮಾಡಿದೀರಾ ಅಂತ, ಸ್ಟಾಪ್ ಒತ್ತಿದೀನಿ ಕಣೋ ಕೈ ಹಾಕು ಅಂದ್ರು.

ಪ್ಯಾನಲ್ ಇರೋದು ಗೋಡೆ ಆ ಕಡೆ ರೂಮಲ್ಲಿ, ಅಲ್ಲಿಂದ ನಾವು ಕಾಣಲ್ಲ, ನಮಗೂ ಅದು ಕಾಣಲ್ಲ. ಆ ಹೊತ್ತಿಗೆ ಗ್ರೇಡರ್ ಕೆಲ್ಸಕ್ಕೆ ಬಂದಿದ್ದ ಕಾಂಟ್ರಾಕ್ಟ್ ಹುಡ್ಗ ಒಬ್ಬ ಅವನ ಮೆಷಿನ್ ಟ್ರಯಲ್ ನೋಡೋಣ ಅಂತ ಎಂಟನೇ ನಂಬರ್ ಬದ್ಲು ಮೂರನೇದು ಒತ್ತಿದಾನೆ. ಅವನ ತಪ್ಪು ಅಂತ ಪೂರ್ತಿ ಹೇಳೋಕೂ ಆಗಲ್ಲ, ಬಟನ್ ಮೇಲಿನ ನಂಬರ್ ಗ್ರೀಸ್ ಕೈಲಿ ಮುಟ್ಟಿ ಮುಟ್ಟಿ ಮೂರೋ ಎಂಟೋ ಗೊತ್ತೇ ಆಗಲ್ಲ. ನಾನು ಅದೇ ಹೊತ್ತಿಗೆ ಬೋಲ್ಟ್ ಈಸ್ಕೊಳ್ಳೋಕೆ ಅಂತ ಹೆಲ್ಪರ್ ಕಡೆ ತಿರುಗಿದ್ದೆ. ಬೆಲ್ಟು ಎರಡು ಬಕೆಟ್ ನಷ್ಟು ಎಳ್ಕೊಂಡು ಹೋಯ್ತು, ಬೋಲ್ಟ್ ಗೆ ಸಿಕ್ಕಿಸಿ ಬಿಟ್ಟಿದ್ದ ಸ್ಪ್ಯಾನರ್ ತಗಡಿಗೆ ಸಿಕ್ಕಿ ಬಾಗೋಯ್ತು. ಈಗ್ಲೂ ಆ ಸ್ಪ್ಯಾನರ್ ನನ್ನ ಬ್ಯಾಗಲ್ಲೇ ಐತೆ. ಮನೇಲಿ ಅಮ್ಮಂಗೆ ಹೇಳಿಲ್ಲ.

ಎಲ್ಲ ನಕ್ಕುಬಿಟ್ರು, ದೇವ್ರು ದೊಡ್ಡೋನು ಅಂದ್ರು, ಟೀ ಕುಡಿದ್ವಿ, ಮುಗೀತು. ಓನರ್ ಗೆ ಹೇಳಿದ್ದಕ್ಕೆ ಒಂದು ಬೋರ್ಡ್ ಬರೆಸಿ ತಗಲಾಕ್ಕೊಳ್ರಪ್ಪ ಅಂದ್ರು. ಮೇಸ್ತ್ರಿ ಈಗ ಏನಂತಾರೆ ಅಂದ್ರೆ ಇನ್ಮೇಲೆ ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊ, ಅಷ್ಟು ಸಾಕು ಅಂತ. ನಿಜ್ವಾಗ್ಲೂ ಸಾಕಾ? ಮತ್ತೆ ಇನ್ನೊಂದು, ಇದನ್ನ ಜಾಸ್ತಿ ಕೇಳಿದ್ರೆ ಹೆದರುಪುಕ್ಲ ಅಂತ ಹೆಸ್ರು ಬೀಳತ್ತೆ, ಅದನ್ನ ಹೆಂಗೆ ನಿಭಾಯಿಸೋದು. ಈ ವಾರ ಇನ್ನೂ ಎರಡು ಎಲಿವೇಟರ್ ಬಿಚ್ಚೋದು ಬಾಕಿ ಐತೆ.

ಬಿಎಂ_ರೋಡ್_ಬಾಸ್:

ಫ್ಯೂಸ್ ಕಿತ್ರೆ ಸಾಕು ಗುರು. ಇಪ್ಪತ್ತು ವರ್ಷದಿಂದ ನಾವೆಲ್ಲ ಹಂಗೇ ಮಾಡ್ಕೊಂಡು ಬಂದಿರೋದು, ಹತ್ತೂ ಬೆರಳು ಇದಾವೆ. ಮೈಮೇಲೆ ಎಚ್ಚರ ಇಟ್ಕೊಂಡು ಕೆಲ್ಸ ಮಾಡ್ಬೇಕು ಅಷ್ಟೆ.

ಪ್ಯಾನಲ್_ಮಂಜ:

ಮೇಲಿನ ಅಣ್ಣ ಹೇಳಿದ್ದನ್ನ ಕೇಳ್ಬೇಡ ತಮ್ಮ. ಹತ್ತು ಬೆರಳು ಇದಾವೆ ಅನ್ನೋದು ಅವರ ಅದೃಷ್ಟ, ವಿಧಾನ ಅಲ್ಲ.

ನಾನು ಎಲೆಕ್ಟ್ರಿಷಿಯನ್, ಹಾಸನ ಇಂಡಸ್ಟ್ರಿಯಲ್ ಏರಿಯಾ, ಸಕಲೇಶಪುರ, ಮೂಡಿಗೆರೆ ಕಡೆ ಎಲ್ಲ ಪ್ಯಾನಲ್ ಕೆಲ್ಸ ಮಾಡ್ತೀನಿ. ಮೊದ್ಲು ಸ್ಟಾಪ್ ಬಟನ್ ಏನು ಮಾಡತ್ತೆ ಅಂತ ತಿಳ್ಕೋ. ಅದು ಕಾಂಟ್ಯಾಕ್ಟರ್, ಅಂದ್ರೆ ಮೋಟಾರ್ ಗೆ ಕರೆಂಟ್ ಬಿಡೋ ಸ್ವಿಚ್ಚು, ಅದರ ಕಾಯಿಲ್ ಗೆ ಹೋಗೋ ಸಣ್ಣ ಸಪ್ಲೈ ಕಟ್ ಮಾಡತ್ತೆ ಅಷ್ಟೆ. ಮೂರು ಫೇಸ್ ಕರೆಂಟ್ ಕಾಂಟ್ಯಾಕ್ಟರ್ ತಲೆ ಮೇಲೆ ಬಂದು ಕಾಯ್ತಾ ನಿಂತಿರತ್ತೆ. ಯಾರು ಸ್ಟಾರ್ಟ್ ಒತ್ತಿದ್ರೂ ಒಳಗೆ ಹೋಗತ್ತೆ, ಅದಕ್ಕೆ ನೀನು ಯಾರು ಅಂತ ಗೊತ್ತಿಲ್ಲ. ಆ ಕೆಂಪು ಅಣಬೆ ಬಟನ್ ಇರತ್ತಲ್ಲ, ಎಮರ್ಜೆನ್ಸಿ ಸ್ಟಾಪ್, ಅದೂ ಇದೇ ಕಥೆ. ಡೋರ್ ತೆಗೆದ್ರೆ ನಿಲ್ಲೋ ಲಿಮಿಟ್ ಸ್ವಿಚ್ ಕೂಡ ಇದೇ. ಅವೆಲ್ಲ ಮೆಷಿನ್ ನಿಲ್ಸೋಕೆ ಇರೋದು, ಅದನ್ನ ನಂಬಿ ಕೈ ಹಾಕೋಕೆ ಅಲ್ಲ.

ಈಗ ಫ್ಯೂಸ್ ವಿಷ್ಯ. ನಿಮ್ಮ ಮೇಸ್ತ್ರಿ ತಪ್ಪು ಹೇಳ್ತಿಲ್ಲ, ಅರ್ಧ ಹೇಳ್ತಿದಾರೆ. ಹಳೇ ಕಿಟ್‌ಕ್ಯಾಟ್ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಳ್ಳೋದು ಲೈನ್‌ಮನ್ ಗಳ ಕಾಲದಿಂದ ಇದೆ, ಏನೂ ಮಾಡದೇ ಇರೋದಕ್ಕಿಂತ ಸಾವಿರ ಪಾಲು ವಾಸಿ. ಆದ್ರೆ ಏನಾಗತ್ತೆ ಅಂದ್ರೆ ಫ್ಯಾಕ್ಟರೀಲಿ ಫ್ಯೂಸ್ ಕಾಣ್ತಿಲ್ಲ ಅಂದ್ರೆ ಯಾರೂ ಯಾಕೆ ಕಾಣ್ತಿಲ್ಲ ಅಂತ ಕೇಳಲ್ಲ, ಪಕ್ಕದ್ದು ಕಿತ್ತು ಇಲ್ಲಿ ಹಾಕ್ತಾರೆ. ನಾನೇ ನೋಡಿದೀನಿ, ಒಂದು ರೈಸ್ ಮಿಲ್ಲಲ್ಲಿ ಕಿತ್ತಿಟ್ಟ ಜಾಗಕ್ಕೆ ತಾಮ್ರದ ತಂತಿ ಸುತ್ತಿ ಓಡಿಸ್ಬಿಟ್ಟಿದ್ರು. ಇನ್ನು ಕೆಲವ್ರು ಮೂರರಲ್ಲಿ ಒಂದೇ ಕಿತ್ತು ಬರ್ತಾರೆ, ಉಳಿದ ಎರಡು ಫೇಸ್ ಮೋಟಾರ್ ತನಕ ಬರಬಹುದು, ಕಂಟ್ರೋಲ್ ಸಪ್ಲೈ ಆ ಎರಡರಿಂದಲೇ ತಗೊಂಡಿದ್ರೆ ಕಾಂಟ್ಯಾಕ್ಟರ್ ಕೂಡ ಎತ್ಕೊಳ್ಳತ್ತೆ. ಮೋಟಾರ್ ತಿರುಗದೇ ಹಮ್ ಅನ್ನಬಹುದು, ಆದ್ರೆ ಟರ್ಮಿನಲ್ ಮುಟ್ಟಿದ್ರೆ ಶಾಕ್ ಪೂರ್ತಿನೇ.

ಸರಿಯಾದ್ದು ಏನು ಅಂದ್ರೆ ಬೀಗ. ಆ ಎಲಿವೇಟರ್ ಫೀಡರ್ ಗೆ ಎಸ್‌ಎಫ್‌ಯು ಇರತ್ತೆ, ಸ್ವಿಚ್ ಫ್ಯೂಸ್ ಯೂನಿಟ್, ಹಿಡಿ ಇರೋ ಡಬ್ಬ. ಅದರ ಹಿಡಿ ಆಫ್ ಗೆ ತಂದಾಗ ಒಂದು ತೂತು ಕಾಣತ್ತೆ ನೋಡು, ಅದು ಕಂಪನಿಯವ್ನು ಅಂದಕ್ಕೆ ಇಟ್ಟಿದ್ದಲ್ಲ, ಬೀಗ ಹಾಕೋಕೇ ಇಟ್ಟಿದ್ದು. ಎಂಸಿಬಿ ಇದ್ರೆ ಅದರ ಮೂತಿಗೆ ಕಚ್ಚಿಸೋ ಪ್ಲಾಸ್ಟಿಕ್ ಕ್ಲ್ಯಾಂಪ್ ಸಿಗತ್ತೆ. ನಿನ್ನ ಬೀಗ ನೀನೇ ಹಾಕು, ಕೀ ನಿನ್ನ ಜೇಬಲ್ಲೇ ಇರ್ಲಿ, ಒಂದೇ ಕೀ. ಮೇಸ್ತ್ರಿ ಹತ್ರ ಇನ್ನೊಂದು ಡೂಪ್ಲಿಕೇಟ್ ಇದೆ ಅಂದ್ರೆ ಅದು ಬೀಗನೇ ಅಲ್ಲ. ಬೋರ್ಡ್ ತಗಲಾಕೋದು ಒಳ್ಳೇದೇ, ಯಾರು ಕೆಲ್ಸ ಮಾಡ್ತಿದಾರೆ ಯಾವತ್ತಿಂದ ಅಂತ ಬರೆದು ಬೀಗದ ಜೊತೆ ಕಟ್ಟು, ಬರೀ ಬೋರ್ಡ್ ಯಾರ ಕೈನೂ ಹಿಡಿಯಲ್ಲ.

ಬೀಗ ಹಾಕಿದ ಮೇಲೆ ವಾಪಸ್ ಬಂದು ಕೈ ಹಾಕ್ಬೇಡ. ಎಲ್ರೂ ಮರೆಯೋದು ಇಲ್ಲೇ. ಮೆಷಿನ್ ಹತ್ರ ಯಾರೂ ಇಲ್ಲ ಅಂತ ನೋಡಿ ಸ್ಟಾರ್ಟ್ ಬಟನ್ ನೀನೇ ಒತ್ತು. ತಿರುಗ್ಲಿಲ್ಲ ಅಂದ್ರೆ ಸರಿಯಾದ ಸ್ವಿಚ್ಚಿಗೇ ಬೀಗ ಹಾಕಿದೀಯ ಅಂತ. ನಿಮ್ಮಲ್ಲಿ ಮೂರು ಎಂಟರ ಗೊಂದಲ ಇದೆ ಅಂತ ನೀನೇ ಹೇಳಿದೀಯ, ಬಟನ್ ಲಿ ಗೊಂದಲ ಇದ್ದ ಮೇಲೆ ಸ್ವಿಚ್ ಲಿ ಇರಲ್ವಾ? ಮೋಟಾರ್ ವೈರ್ ಬಿಚ್ಚೋದಿದ್ರೆ ವೈರ್‌ಮನ್ ಕೈಲಿ ಟೆಸ್ಟ್ ಲ್ಯಾಂಪ್ ಹಾಕಿ ನೋಡಿಸು, ಅದೂ ಹೆಂಗೆ, ಮೊದ್ಲು ಕರೆಂಟ್ ಇರೋ ಕಡೆ ಹಚ್ಚಿ ಲ್ಯಾಂಪ್ ಉರಿಯತ್ತಾ ನೋಡಿ, ಆಮೇಲೆ ಇಲ್ಲಿ ನೋಡಿ, ಮತ್ತೆ ಹೋಗಿ ಕರೆಂಟ್ ಇರೋ ಕಡೆ ನೋಡ್ಬೇಕು. ಮಧ್ಯದಲ್ಲಿ ಬಲ್ಬೇ ಸುಟ್ಟೋಗಿದ್ರೆ?

ಇನ್ನೊಂದು ಮಾತು, ಇದು ನಮ್ಮ ಕಡೆ ತುಂಬ ಜನ ಮಾಡ್ತಾರೆ. ಕರೆಂಟ್ ಹೋಯ್ತು, ಸೆಸ್ಕ್ ನವ್ರು ಮಧ್ಯಾಹ್ನ ತನಕ ಬರಲ್ಲ ಅಂದಿದಾರೆ, ಅಷ್ಟರಲ್ಲಿ ಈ ಕೆಲ್ಸ ಮುಗಿಸ್ಬಿಡೋಣ ಅಂತ ಕೈ ಹಾಕೋದು. ಡಿಜಿ ಸೆಟ್, ಅಂದ್ರೆ ಜನರೇಟರ್, ಆಟೋ ಲಿ ಇದ್ರೆ ಒಂದಷ್ಟು ಸೆಕೆಂಡ್ ಲಿ ತಾನೇ ಎದ್ದು ಸಪ್ಲೈ ಕೊಡತ್ತೆ. ಮಾಮೂಲಿ ಸ್ಟಾರ್ಟರ್ ಆದ್ರೆ ಕರೆಂಟ್ ಹೋದ್ರೆ ಕಾಯಿಲ್ ಬಿಟ್ಬಿಡತ್ತೆ, ಬಂದ್ರೂ ಒತ್ತೋ ತನಕ ಓಡಲ್ಲ. ಆದ್ರೆ ಸೆಲೆಕ್ಟರ್ ಸ್ವಿಚ್ ಆಟೋ ಲಿ ನಿಂತಿದ್ರೆ, ಅಥವಾ ಬರೀ ರೋಟರಿ ಸ್ವಿಚ್ ಲಿ ಓಡೋ ಮೆಷಿನ್ ಆದ್ರೆ, ಕರೆಂಟ್ ಬಂದ ತಕ್ಷಣ ಹೊರಡತ್ತೆ, ಕೇಳಲ್ಲ ಹೇಳಲ್ಲ. ಗ್ರೇಡರ್ ಗೆ ಮೋಟಾರ್ ಸ್ಪೀಡ್ ಹೊಂದಿಸೋ ವಿಎಫ್‌ಡಿ ಹಾಕಿದ್ರೆ ಆಫ್ ಮಾಡಿದ ಮೇಲೂ ಒಳಗೆ 500 ವೋಲ್ಟ್ ಮೇಲೆ ಡಿಸಿ ಸ್ವಲ್ಪ ಹೊತ್ತು ಉಳ್ಕೊಂಡಿರತ್ತೆ, ಎಷ್ಟು ನಿಮಿಷ ಕಾಯ್ಬೇಕು ಅಂತ ಅದರ ಮೇಲೇ ಬರೆದಿರತ್ತೆ, ಅಷ್ಟು ಹೊತ್ತು ಕವರ್ ತೆಗೀಬೇಡಿ.

ಆಲೂರು_ಫಿಟ್ಟರ್:

ಥ್ಯಾಂಕ್ಸ್ ಮಂಜಣ್ಣ. ಹೋಗಿ ನೋಡ್ದೆ, ಆ ತೂತು ನಿಜ್ವಾಗ್ಲೂ ಐತೆ!! ಮೂರು ವರ್ಷ ಆ ಹಿಡಿ ಎತ್ತಿ ಇಳಿಸಿದೀನಿ, ಕಂಡಿರ್ಲಿಲ್ಲ. ಪೇಂಟ್ ಮೆತ್ಕೊಂಡು ಮುಚ್ಚೋಗಿತ್ತು, ಮೊಳೆಲಿ ಕೆರೆದು ತೆಗ್ದೆ. ನಮ್ಮ ಡಿಜಿ ಆಟೋನೇ. ಕರೆಂಟ್ ಹೋದಾಗ ಗ್ರೀಸ್ ಹೊಡೆಯೋದು ನಮ್ಮಲ್ಲೂ ಅಭ್ಯಾಸ ಐತೆ, ನಾನೂ ಮಾಡಿದೀನಿ.

ಹಳೇ_ಸ್ಪ್ಯಾನರ್:

ಮಂಜ ಅವರು ಕರೆಂಟಿನ ಕಡೆ ಚೆನ್ನಾಗಿ ಹೇಳಿದಾರೆ. ನಾನು ಮೆಕ್ಯಾನಿಕಲ್ ನವನು, ರಿಟೈರ್ ಆಗಿ ಈಗ ಕೊಪ್ಪದ ಹತ್ರ ಅಡಿಕೆ ನೋಡ್ಕೊಂಡು ಇದೀನಿ, ಆದ್ರಿಂದ ಕರೆಂಟ್ ಬಿಟ್ಟು ಬೇರೆ ಹೇಳ್ತೀನಿ. ಕರೆಂಟ್ ಪೂರ್ತಿ ಕಿತ್ತು ಬೀಗ ಹಾಕಿದ ಮೇಲೂ ನಿಮ್ಮ ಎಲಿವೇಟರ್ ನಿಮ್ಮ ಕೈ ತಗೋಬಹುದು ಮಗಾ.

ಹೆಂಗೆ ಅಂತ ಲೆಕ್ಕ ಹಾಕಿ ನೋಡು. ನಲವತ್ತಡಿ ಅಂದ್ರೆ 12 ಮೀಟರ್. ಮೀಟರಿಗೆ ನಾಲ್ಕು ಬಕೆಟ್ ಅಂದ್ಕೋ, ಹತ್ತೋ ಕಡೆ 48 ಬಕೆಟ್ ಆಯ್ತು. ಒಂದೊಂದ್ರಲ್ಲಿ ಒಂದೂವರೆ ಕೆಜಿ ಕಾಫಿ ಉಳ್ಕೊಂಡಿದ್ರೆ 72 ಕೆಜಿ, ಎಲ್ಲ ಒಂದೇ ಕಡೆ. ಇಳಿಯೋ ಕಡೆ ಬಕೆಟ್ ಖಾಲಿ. ಅಂದ್ರೆ ಒಬ್ಬ ದಪ್ಪ ಆಳು ಆ ಬೆಲ್ಟಿಗೆ ಜೋತು ಬಿದ್ದಂಗೆ ಸದಾ ಕೆಳಗೆ ಎಳೀತಾ ಇರ್ತಾನೆ. ಅವನನ್ನ ಹಿಡಿದಿರೋದು ಯಾರು? ಮೇಲೆ ಗೇರ್ ಬಾಕ್ಸು, ಇಲ್ಲಾಂದ್ರೆ ಹಿಂದಕ್ಕೆ ತಿರುಗದಂಗೆ ತಡಿಯೋ ಬ್ಯಾಕ್‌ಸ್ಟಾಪು. ನೀನು ಕೆಳಗೆ ಬೋಲ್ಟ್ ಬಿಚ್ತಾ ಇರು, ಅದೇ ಹೊತ್ತಿಗೆ ಮೇಲೆ ಹೆಡ್ ಹತ್ರ ಇನ್ನೊಬ್ಬ ಹತ್ತಿ ಚೈನ್ ಬಿಚ್ಚಿದ ಅಂತ ಇಟ್ಕೋ, ಬೆಲ್ಟು ಹಿಮ್ಮುಖ ಓಡತ್ತೆ, ಮೋಟಾರ್ ಓಡಿದ್ದಕ್ಕಿಂತ ಜೋರಾಗಿ. ಸ್ವಿಚ್ಚಿಗೆ ಬೀಗ ಹಾಕಿದೀಯಲ್ಲ, ಭೂಮಿ ಎಳೆಯೋದಕ್ಕೆ ಬೀಗ ಎಲ್ಲಿ ಹಾಕ್ತೀಯ?

ಅದಕ್ಕೇ ಮೊದ್ಲು ಎಲಿವೇಟರ್ ಖಾಲಿ ಓಡಿಸಿ ಮಾಲೆಲ್ಲ ಇಳಿಸಿ ಆಮೇಲೆ ನಿಲ್ಸಬೇಕು. ಜಾಮ್ ಆಗಿ ತುಂಬಿದ್ದಾಗ್ಲೇ ನಿಂತೋಗಿದ್ರೆ ಬೆಲ್ಟನ್ನ ಎರಡು ಆಂಗಲ್ ಮಧ್ಯೆ ಅದುಮಿ ಬೋಲ್ಟ್ ಹಾಕಿ ಚೈನ್ ಬ್ಲಾಕ್ ಇಂದ ಫ್ರೇಮಿಗೆ ಕಟ್ಟು, ಕೇಸಿಂಗ್ ತಗಡಿಗೆ ಅಲ್ಲ ಫ್ರೇಮಿಗೆ. ಬೋಲ್ಟ್ ಬಿಚ್ಚೋ ಮುಂಚೆ ಬೆಲ್ಟನ್ನ ಕೈಲಿ ಸ್ವಲ್ಪ ಅಲ್ಲಾಡಿಸಿ ನೋಡು ಯಾವ ಕಡೆ ಹೋಗೋಕೆ ನೋಡ್ತಿದೆ ಅಂತ, ಭಾರ ಯಾವ ಕಡೆ ಇದೆ ಅದು ಹೇಳತ್ತೆ.

ನಾನು ಕುದುರೆಮುಖದಲ್ಲಿ ಗಣಿ ನಿಲ್ಲೋ ತನಕ ಇದ್ದೆ, 2005ರ ಡಿಸೆಂಬರ್ 31. ಅದಿರು ಅರೆಯೋ ಮಿಲ್ ಮುಂದೆ ನಿಮ್ಮ ಹಲ್ಲರ್ ಬೆಂಕಿಪೊಟ್ಟಣ. ಅಂಥಾ ಮಿಲ್ ನಿಂತಾಗ ಒಳಗಿನ ಉಕ್ಕಿನ ಗುಂಡು, ಅದಿರು ಎಲ್ಲ ಒಂದು ಪಕ್ಕಕ್ಕೆ ವಾಲಿ ಕೂತಿರತ್ತೆ, ಕರೆಂಟ್ ಇಲ್ದೇನೇ ತೊಟ್ಟಿಲು ತೂಗಿದಂಗೆ ಹಿಂದೆ ಮುಂದೆ ತೂಗತ್ತೆ, ತೂಗಿ ತೂಗಿ ಪೂರ್ತಿ ನಿಲ್ಲೋ ತನಕ ಹತ್ರ ಹೋಗಬಾರ್ದು. ಹೊಸಬನಾಗಿದ್ದಾಗ ನಿಂತಿದೆ ಅಂತ ನಾನು ಹೆಜ್ಜೆ ಇಟ್ಟಿದ್ದೆ, ಸೀನಿಯರ್ ಒಬ್ರು ಕಾಲರ್ ಹಿಡಿದು ಹಿಂದಕ್ಕೆ ಎಳೆದ್ರು. ಅವರು ಬೈದಿದ್ದನ್ನ ಇಲ್ಲಿ ಟೈಪ್ ಮಾಡೋಕಾಗಲ್ಲ.

ನಿಮ್ಮಲ್ಲಿ ಇನ್ನೇನೇನು ಇದೆ ನೋಡು. ಹಲ್ಲರ್ ಪುಲ್ಲಿ ಆಫ್ ಮಾಡಿದ ಮೇಲೂ ಸುಮಾರು ಹೊತ್ತು ತಿರುಗತ್ತೆ. ಕಲರ್ ಸಾರ್ಟರ್ ಗೆ, ಗೇಟ್ ಸಿಲಿಂಡರ್ ಗೆ ಗಾಳಿ ಲೈನ್ ಇರತ್ತೆ, ಕಂಪ್ರೆಸರ್ ಆಫ್ ಮಾಡಿದ್ರೂ ಟ್ಯಾಂಕಲ್ಲಿ ಗಾಳಿ ತುಂಬಿಕೊಂಡೇ ಇರತ್ತೆ, ವಾಲ್ವ್ ಮುಚ್ಚಿ ಈಚೆ ಕಡೆ ಗಾಳಿ ಬಿಟ್ಟು ಗೇಜ್ ಸೊನ್ನೆ ತೋರಿಸೋ ತನಕ ಪೈಪ್ ಬಿಚ್ಚಬೇಡ. ಕಾಫಿ ತುಂಬಿರೋ ಬಿನ್ ಒಳಗೆ ಮಾಲು ಕಚ್ಕೊಂಡಿದೆ ಅಂತ ಮೇಲಿಂದ ಇಳಿದು ತುಳಿಯೋದಂತೂ ಬೇಡವೇ ಬೇಡ. ಕೆಳಗೆ ಒಬ್ಬ ಗೇಟ್ ಎಳೆದ್ರೆ ಮಾಲಿನ ಜೊತೆ ನೀನೂ ಇಳೀತೀಯ, ಸೊಂಟದ ತನಕ ಹೂತರೆ ಇಬ್ರು ಸೇರಿ ಎಳೆದ್ರೂ ಬರಲ್ಲ.

ಹೆದರುಪುಕ್ಲ ಅಂತಾರೆ ಅಂದ್ಯಲ್ಲ. ಅನ್ಲಿ ಬಿಡು.

ಕ್ರಷರ್_ಕಿಟ್ಟಿ:

ಎಲ್ಲ ಸರಿ ಸಾರ್, ದೊಡ್ ಕಂಪನಿಲಿ ಚೆನ್ನಾಗಿರತ್ತೆ ಇದೆಲ್ಲ. ನಾನು ಅರಸೀಕೆರೆ ಕಡೆ ಕಲ್ಲು ಕ್ರಷರ್ ಲಿ ಸೂಪರ್ವೈಸರ್ ಆಗಿದ್ದೋನು, ನಿಜ ಹೇಳ್ತೀನಿ ಕೇಳಿ. ಟಿಪ್ಪರ್ ಆರು ನಿಂತಿದಾವೆ, ಡ್ರೈವರ್ ಗಳು ಹಾರ್ನ್ ಹೊಡೀತಾವ್ರೆ, ಓನರ್ ಫೋನ್ ಮೇಲೆ ಫೋನು, ಕಲ್ಲು ಜಗಿಯೋ ದವಡೆ, ಜಾ ಅಂತೀವಿ, ಅದ್ರಲ್ಲಿ ಕಲ್ಲು ಸಿಕ್ಕಾಕ್ಕೊಂಡೈತೆ, ಆವಾಗ ಯಾವನು ಹೋಗಿ ಬೀಗ ಹುಡುಕ್ತಾನೆ ಹೇಳಿ. ಹಾರೆ ತಗೊಂಡು ಹುಡುಗ್ರನ್ನ ಮೇಲೆ ಹತ್ತಿಸಿಬಿಡೋದೇ. ನಾನೇ ಹತ್ತಿಸಿದೀನಿ, ಸುಳ್ಳು ಯಾಕೆ ಹೇಳ್ಲಿ.

ಒಂದಿನ ಹಂಗೇ ಮೋಟಾರ್ ಆಫ್ ಇತ್ತು, ಮೈನ್ ಸ್ವಿಚ್ಚೂ ಆಫ್ ಇತ್ತು ಸಾರ್, ಅದ್ರಲ್ಲಿ ಮೋಸ ಇಲ್ಲ. ಕಲ್ಲು ಅಡ್ಡ ಸಿಕ್ಕಿ ಫ್ಲೈವೀಲ್ ಬಿಗಿಯಾಗಿ ನಿಂತಿತ್ತು, ಹುಡ್ಗ ಹಾರೆ ಹಾಕಿ ಮೀಟ್ದ, ಕಲ್ಲು ಜಾರ್ತು ನೋಡಿ, ಫ್ಲೈವೀಲ್ ತಾನೇ ಅರ್ಧ ಸುತ್ತು ತಿರುಗ್ತು. ಎರಡು ಬೆರಳು ಹೋಯ್ತು ಅವಂದು. ಹಾಸನಕ್ಕೆ ಕರ್ಕೊಂಡು ಹೋಗೋವಾಗ ಕಾರಲ್ಲಿ ಅವನು ಅಳ್ಲಿಲ್ಲ, ನಾನು ಅತ್ತೆ. ಈಗ ಆ ಹಳೇ ಸ್ಪ್ಯಾನರ್ ಸಾರ್ ಭೂಮಿ ಎಳೆಯೋದಕ್ಕೆ ಬೀಗ ಎಲ್ಲಿ ಅಂದ್ರಲ್ಲ, ಓದಿದ ತಕ್ಷಣ ಅದೇ ನೆನಪಾಯ್ತು, ನಮಗೆ ಇದನ್ನ ಯಾರೂ ಹೇಳಿಕೊಟ್ಟೇ ಇರ್ಲಿಲ್ಲ. ಆಮೇಲೆ ಅಲ್ಲಿ ಏನ್ ಬದಲಾಯ್ತು ಅಂತ ಕೇಳಿದ್ರೆ ಆಯುಧ ಪೂಜೆಲಿ ಆ ವರ್ಷ ದೊಡ್ಡ ಬೂದುಗುಂಬಳ ಒಡೆದ್ರು. ನಾನು ಕೆಲ್ಸ ಬಿಟ್ಟೆ, ಈಗ ಟ್ರ್ಯಾಕ್ಟರ್ ಇಟ್ಕೊಂಡಿದೀನಿ.

ಹಂಗಾಗಿ ಆಲೂರು ಹುಡ್ಗಂಗೆ ನಾನು ಹೇಳೋದು ಬೀಗ ಹಾಕು ಅಂತಲೇ. ಆದ್ರೆ ಅದು ಕೆಲ್ಸದ ಒತ್ತಡ ಇಲ್ದೇ ಇರೋವಾಗ್ಲೇ ಅಭ್ಯಾಸ ಆಗ್ಬೇಕು, ಈಗ ಆಫ್ ಸೀಸನ್ ಲೇ ಶುರು ಮಾಡು. ಜನವರಿ ಫೆಬ್ರವರಿಲಿ ಲಾರಿ ಸಾಲಾಗಿ ನಿಂತಾಗ ಹೊಸ ರೂಲ್ ತರ್ತೀನಿ ಅಂದ್ರೆ ಯಾವ ಮೇಸ್ತ್ರಿನೂ ಕೇಳಲ್ಲ.

ಲೆಕ್ಕದ_ಅಕ್ಕ:

ನಾನು ಚಿಕ್ಕಮಗಳೂರಲ್ಲಿ ಒಂದು ಫ್ಯಾಕ್ಟರಿ ಆಫೀಸ್ ನಲ್ಲಿ ಅಕೌಂಟ್ಸ್ ಮತ್ತು ಇಎಸ್‌ಐ ಪಿಎಫ್ ಕೆಲಸ ನೋಡ್ಕೋತೀನಿ. ಸ್ಪ್ಯಾನರ್ ಹಿಡಿದವಳಲ್ಲ, ಕಾಗದ ಹಿಡಿದವಳು, ಆದ್ರೆ ಕಾಗದದಲ್ಲೂ ಸ್ವಲ್ಪ ವಿಷ್ಯ ಇದೆ.

ತಮ್ಮ, ಹೆದರುಪುಕ್ಲ ಅನ್ನಿಸ್ಕೊಳ್ಳದೇ ಕೇಳೋದು ಹೇಗೆ ಅಂತ ಕೇಳಿದೆಯಲ್ಲ. ನನಗೆ ಕೈ ಹೋಗತ್ತೆ ಅಂತ ಹೇಳ್ಬೇಡ, ಕಾನೂನಲ್ಲಿ ಇದೆ ಅಂತ ಹೇಳು, ಓನರ್ ಗಳು ಅದನ್ನ ಬೇಗ ಕೇಳಿಸ್ಕೋತಾರೆ. 2025ರ ನವೆಂಬರ್ ತನಕ ಜಾರಿಲಿ ಇದ್ದ 1948ರ ಫ್ಯಾಕ್ಟರೀಸ್ ಆಕ್ಟ್ ಲಿ ಸೆಕ್ಷನ್ 21 ಮೆಷಿನ್ ಗಳಿಗೆ ಗಾರ್ಡ್ ಇರಬೇಕು ಅಂತ ಹೇಳ್ತಿತ್ತು, 22 ಓಡ್ತಾ ಇರೋ ಮೆಷಿನ್ ಹತ್ರ ಕೆಲಸದ ಬಗ್ಗೆ. ಓಡ್ತಿರೋವಾಗ್ಲೇ ನೋಡಲೇಬೇಕು ಅಂದ್ರೆ ಅದಕ್ಕೆ ಅಂತಲೇ ಟ್ರೈನಿಂಗ್ ಆದವನು, ಮೈಗೆ ಅಂಟೋ ಬಟ್ಟೆ ಹಾಕಿರ್ಬೇಕು, ಆ ಬಟ್ಟೆ ಓನರ್ ಕೊಡ್ಬೇಕು, ಅವನ ಹೆಸರು ರಿಜಿಸ್ಟರ್ ಲಿ ಇರ್ಬೇಕು ಅಂತ ಇತ್ತು. 24ರಲ್ಲಿ ತುರ್ತಾಗಿ ಪವರ್ ಕಟ್ ಮಾಡೋ ವ್ಯವಸ್ಥೆ ಪ್ರತಿ ವರ್ಕ್‌ರೂಮಲ್ಲಿ ಇರ್ಬೇಕು ಅಂತ ಇತ್ತು. 7ಎ ಪ್ರಕಾರ ಮೆಷಿನ್ ಮಾತ್ರ ಅಲ್ಲ ಕೆಲಸ ಮಾಡೋ ವಿಧಾನ ಕೂಡ ಸುರಕ್ಷಿತವಾಗಿ ಇಡೋದು ಮಾಲೀಕರ ಜವಾಬ್ದಾರಿ ಆಗಿತ್ತು. 111ಎ ಪ್ರಕಾರ ತನ್ನ ಆರೋಗ್ಯ, ಸುರಕ್ಷತೆ ಬಗ್ಗೆ ಮಾಹಿತಿ ಕೇಳೋ ಹಕ್ಕು ಕೆಲಸಗಾರನಿಗೆ ಇತ್ತು. ಇವೆಲ್ಲ ಸೇರಿಸಿ 2020ರಲ್ಲಿ ಮಾಡಿದ ಹೊಸ ಕೋಡ್ 2025ರ ನವೆಂಬರ್ 21ರಿಂದ ಆ ಆಕ್ಟ್ ಜಾಗಕ್ಕೆ ಬಂದಿದೆ, ಸೆಕ್ಷನ್ ನಂಬರ್ ಅಲ್ಲಿ ಬೇರೆ ಇರತ್ತೆ, ಮಾಲೀಕರ ಜವಾಬ್ದಾರಿ ಅಲ್ಲೂ ಹೋಗಿಲ್ಲ.

ಇನ್ನು ದುಡ್ಡಿನ ವಿಷ್ಯ. ನಿನ್ನ ಸಂಬಳ ತಿಂಗಳಿಗೆ 21,000 ಒಳಗಿದ್ದು ಫ್ಯಾಕ್ಟರಿ ಇಎಸ್‌ಐ ಗೆ ಸೇರಿದ್ರೆ ಕೆಲಸದಲ್ಲಿ ಆದ ಗಾಯಕ್ಕೆ ಸೇರಿದ ಮೊದಲ ದಿನದಿಂದಲೇ ರಕ್ಷಣೆ ಇದೆ, ಇಷ್ಟು ತಿಂಗಳು ಕಟ್ಟಿರ್ಬೇಕು ಅನ್ನೋದು ಇದಕ್ಕಿಲ್ಲ. ಕೆಲಸಕ್ಕೆ ಹೋಗೋಕೆ ಆಗದ ದಿನಗಳಿಗೆ ಕೂಲಿಯ 90 ಪರ್ಸೆಂಟ್ ಬರತ್ತೆ. ಆ ಕಾಂಟ್ರಾಕ್ಟ್ ಹುಡುಗನ ಕಾರ್ಡ್ ಆಗಿದೆಯಾ ಅಂತ ವಿಚಾರಿಸು, ಅವನ ಕಂತಿಗೂ ಮೊದಲ ಜವಾಬ್ದಾರಿ ನಿಮ್ಮ ಫ್ಯಾಕ್ಟರಿದೇ, ಕಾಂಟ್ರಾಕ್ಟರ್ ನೋಡ್ಕೋತಾನೆ ಅಂತ ಕೈ ತೊಳ್ಕೊಳ್ಳೋ ಹಾಗಿಲ್ಲ. ಗಾಯ ಆಗಿ ಒಬ್ಬ 48 ಗಂಟೆ ಕೆಲಸಕ್ಕೆ ಬರೋಕೆ ಆಗ್ಲಿಲ್ಲ ಅಂದ್ರೆ ಕಾನೂನು ಪ್ರಕಾರ ಇಲಾಖೆಗೆ ತಿಳಿಸ್ಬೇಕು. ಸುಮಾರು ಕಡೆ ಇದನ್ನ ಮನೇಲಿ ಬಿದ್ದ ಅಂತ ಬರೆಸಿ ಮುಗಿಸಿಬಿಡ್ತಾರೆ, ಆಸ್ಪತ್ರೇಲಿ ಹಾಗೆ ಹೇಳಿದ್ರೆ ನಾಳೆ ಕ್ಲೇಮ್ ಗೆ ಹೋದಾಗ ನಿನ್ನ ಬಾಯಿಂದ ಬಂದಿದ್ದೇ ನಿನಗೆ ಅಡ್ಡ ಬರತ್ತೆ.

ನಿಂಗೆ ಗಾಯ ಆಗಿಲ್ಲ, ಆದ್ರೂ ಹೋದ ವಾರ ನಡೆದಿದ್ದನ್ನ ಒಂದು ಹಾಳೇಲಿ ತಾರೀಖು ಹಾಕಿ ಬರೆದು ಆಫೀಸಿಗೆ ಕೊಟ್ಟು ಇನ್ನೊಂದು ಕಾಪಿ ಮೇಲೆ ಸೀಲ್ ಹಾಕಿಸ್ಕೋ. ಯಾರ ಹೆಸರೂ ಬೇಡ, ಬಟನ್ ನಂಬರ್ ಅಳಿಸಿದೆ, ಬೀಗದ ವ್ಯವಸ್ಥೆ ಬೇಕು ಅಂತ ಅಷ್ಟೆ ಬರಿ. ನಮ್ಮಲ್ಲಿ ಮಾರ್ಚ್ 4ಕ್ಕೆ ಸುರಕ್ಷತಾ ದಿನ ಅಂತ ಬ್ಯಾನರ್ ಕಟ್ಟಿ ಪ್ರತಿಜ್ಞೆ ಓದಿಸಿ ಮೈಸೂರುಪಾಕ್ ಹಂಚ್ತಾರೆ, ಮಾರನೇ ದಿನ ಕನ್ವೇಯರ್ ಪಕ್ಕ ಕಾಳು ಆರಿಸೋ ಹೆಂಗಸರ ಸೆರಗು ಬೆಲ್ಟಿಗೆ ಎರಡೇ ಅಡಿ ದೂರ. ನಾನೇ ಮೂರು ಸಲ ಬರೆದು ಕೊಟ್ಟ ಮೇಲೆ ಅಲ್ಲಿಗೆ ಜಾಲರಿ ಗಾರ್ಡ್ ಬಂತು. ಬಾಯಲ್ಲಿ ಹೇಳಿದ್ದಾಗಿದ್ರೆ ಈಗ್ಲೂ ಬರ್ತಿರ್ಲಿಲ್ಲ.

ಬಿಎಂ_ರೋಡ್_ಬಾಸ್:

ಓಕೆ ಓಕೆ ನಾನು ಹೇಳಿದ್ದು ವಾಪಸ್ ತಗೋತೀನಿ ಬಿಡಿ. ಆ ಕ್ರಷರ್ ಕಥೆ ಓದಿ ಕೈ ತಣ್ಣಗಾಯ್ತು. ಆದ್ರೆ ಒಂದು ಡೌಟು, ಒಂದೇ ಮೆಷಿನ್ ಮೇಲೆ ನಾಲ್ಕು ಜನ ಇದ್ರೆ? ತೂತು ಒಂದೇ ಇರೋದು, ಬೀಗ ನಾಲ್ಕು ಹೆಂಗೆ ಹಾಕ್ತಾರೆ

ಪ್ಯಾನಲ್_ಮಂಜ:

ಒಳ್ಳೇ ಪ್ರಶ್ನೆ. ಅದಕ್ಕೆ ಹ್ಯಾಸ್ಪ್ ಅಂತ ಬರತ್ತೆ, ಇಕ್ಕಳದ ಥರ, ಅದನ್ನ ಸ್ವಿಚ್ ತೂತಿಗೆ ಹಾಕಿದ್ರೆ ಅದರಲ್ಲಿ ಆರು ತೂತು, ಆರು ಜನ ಬೀಗ ಹಾಕಬಹುದು. ಕೊನೇ ಬೀಗ ತೆಗೆಯೋ ತನಕ ಬಾಯಿ ಬಿಡಲ್ಲ. ಒಬ್ಬ ಮೇಸ್ತ್ರಿ ಎಲ್ರ ಪರವಾಗಿ ಒಂದೇ ಬೀಗ ಹಾಕೋದು ಬೇಡ, ಅವರು ಊಟಕ್ಕೆ ಹೋಗ್ತಾ ಎಲ್ಲ ಬಂದ್ರು ಅಂದ್ಕೊಂಡು ತೆಗೆದ್ರೆ ಮೇಲೆ ಹೆಡ್ ಹತ್ರ ಇರೋನ ಗತಿ? ಹೊರಗಿನ ಕಾಂಟ್ರಾಕ್ಟ್ ನವ್ರಿಗೂ ಬೀಗ ಕೊಡಿ, ಅವತ್ತು ಆ ಗ್ರೇಡರ್ ಹುಡ್ಗಂಗೂ ಈ ಪದ್ಧತಿ ಗೊತ್ತಿದ್ದಿದ್ರೆ ಟ್ರಯಲ್ ಗೆ ಮುಂಚೆ ಪ್ಯಾನಲ್ ಮೇಲೆ ಬೀಗ ಕಂಡು ನಿಂತಿರ್ತಿದ್ದ. ಹಾಂ, ಬೇರೆ ಬೇರೆ ಬಣ್ಣದ್ದು ತಗೊಳ್ಳಿ, ಯಾರದ್ದು ಅಂತ ದೂರದಿಂದಲೇ ಗೊತ್ತಾಗತ್ತೆ.

ಆಲೂರು_ಫಿಟ್ಟರ್:

ಎಲ್ರಿಗೂ ಅಪ್‌ಡೇಟ್ ಕೊಡ್ತೀನಿ. ಹಾಸನದಲ್ಲಿ ಹಾರ್ಡ್‌ವೇರ್ ಅಂಗಡಿಲಿ ನಾಲ್ಕು ಬೀಗ ನನ್ನ ದುಡ್ಡಲ್ಲೇ ತಂದೆ, ಒಂದೊಂದು ಇನ್ನೂರು ರೂಪಾಯಿ ಒಳಗೇ ಬಂತು, ಹ್ಯಾಸ್ಪ್ ಸಿಗ್ಲಿಲ್ಲ, ಆನ್‌ಲೈನ್ ಹಾಕಿದೀನಿ. ಅಕ್ಕ ಹೇಳಿದಂಗೆ ಬರೆದು ಕೊಟ್ಟೆ, ಆಫೀಸಲ್ಲಿ ಸೀಲ್ ಹಾಕ್ವಾಗ ಏನಪ್ಪ ಲಾಯರ್ ಆಗ್ಬಿಟ್ಯಾ ಅಂದ್ರು, ಆದ್ರೆ ಹಾಕಿ ಕೊಟ್ರು. ಬಟನ್ ಗಳಿಗೆಲ್ಲ ಹೊಸ ನಂಬರ್ ಪ್ಲೇಟ್ ಬಂದಿದಾವೆ, ಅದಂತೂ ಎರಡೇ ದಿನದಲ್ಲಿ ಆಯ್ತು.

ನಾಲ್ಕನೇ ಎಲಿವೇಟರ್ ಗೆ ಮೊನ್ನೆ ಖಾಲಿ ಓಡಿಸಿ ಬೀಗ ಹಾಕಿ, ಸ್ಟಾರ್ಟ್ ಒತ್ತಿ ನೋಡಿ ಕೆಲ್ಸ ಮಾಡ್ದೆ. ಒತ್ತಿದಾಗ ಏನಾಯ್ತು ಗೊತ್ತಾ ಮಂಜಣ್ಣ, ಓಡ್ತು!! ಎಸ್‌ಎಫ್‌ಯು ಮೇಲೆ ನಾಲ್ಕು ಅಂತ ಬರೆದಿದ್ದು ಐದನೇದಕ್ಕೆ ಹೋಗ್ತಿತ್ತು, ಯಾವಾಗ್ಲೋ ಕೇಬಲ್ ಬದಲಾಯಿಸಿದಾರೆ, ಪ್ಲೇಟ್ ಬದಲಾಯಿಸಿಲ್ಲ. ಪಕ್ಕದಲ್ಲೇ ನಿಂತಿದ್ದ ಮೇಸ್ತ್ರಿ ಮುಖ ನೋಡ್ಬೇಕಿತ್ತು, ಒಂದು ಮಾತೂ ಆಡ್ಲಿಲ್ಲ, ಹೋಗಿ ಸೀಮೆಸುಣ್ಣದಲ್ಲಿ ಅವರೇ ಸರಿ ನಂಬರ್ ಬರೆದ್ರು. ಅವತ್ತಿಂದ ಹೆದರುಪುಕ್ಲ ಅಂತ ಯಾರೂ ಅಂದಿಲ್ಲ.

ಆದ್ರೆ ಒಂದು ಎಡವಟ್ಟಾಯ್ತು. ನಿನ್ನೆ ಕೆಲ್ಸ ಮುಗ್ಸಿ ಬಸ್ಸಿಗೆ ಲೇಟ್ ಆಯ್ತು ಅಂತ ಓಡಿ ಬಂದ್ಬಿಟ್ಟೆ, ಬೀಗ ಅಲ್ಲೇ, ಕೀ ನನ್ನ ಜೇಬಲ್ಲಿ ಆಲೂರಿಗೆ ಬಂತು. ರಾತ್ರಿ ಮೇಸ್ತ್ರಿ ಫೋನ್ ಮಾಡಿ ಬಾಯಿಗೆ ಬಂದಂಗೆ ಬೈದ್ರು, ಕಟ್ಟರ್ ಹಾಕಿ ತೆಗೀತೀನಿ ಅಂದ್ರು. ಇಂಥ ಟೈಮಲ್ಲಿ ಏನ್ ಮಾಡೋದು?

ಹಳೇ_ಸ್ಪ್ಯಾನರ್:

ಬೈಸ್ಕೊಳ್ಳೋ ಕೆಲ್ಸನೇ ಮಾಡಿದೀಯ, ಬೈಸ್ಕೋ. ಹೋಗೋ ಮುಂಚೆ ಬೀಗ ತೆಗೆಯೋದೂ ಕೆಲ್ಸದಲ್ಲೇ ಸೇರಿದ್ದು. ಆದ್ರೆ ಮೇಸ್ತ್ರಿ ಕತ್ತರಿಸೋ ಮುಂಚೆ ಫೋನ್ ಮಾಡಿದ್ರಲ್ಲ, ಅವರು ಸರಿಯಾಗೇ ಮಾಡಿದಾರೆ. ನೀನು ಫ್ಯಾಕ್ಟರಿ ಒಳಗೆ ಇಲ್ಲ ಅಂತ ಖಾತ್ರಿ ಆಗ್ಬೇಕು, ಮೆಷಿನ್ ಸುತ್ತ ಹೋಗಿ ಮೇಲೂ ಕೆಳಗೂ ನೋಡ್ಬೇಕು, ಗಾರ್ಡ್ ಎಲ್ಲ ಹಾಕಿದೆಯಾ ನೋಡ್ಬೇಕು, ಜವಾಬ್ದಾರಿ ಇರೋ ಒಬ್ರು ಮಾತ್ರ ಕತ್ತರಿಸ್ಬೇಕು, ಮಾರನೇ ದಿನ ನೀನು ಕೈ ಹಾಕೋ ಮುಂಚೆ ನಿನ್ನ ಬೀಗ ತೆಗೆದಿದೀವಿ ಅಂತ ನಿಂಗೆ ಹೇಳ್ಬೇಕು. ಈ ಕೊನೇದನ್ನ ಮರೆತ್ರೆ ಬೀಗ ಇದೆ ಅಂದ್ಕೊಂಡು ನೀನು ಸೀದಾ ಗುಂಡಿಗೆ ಇಳೀತೀಯ.

ಆಲೂರು_ಫಿಟ್ಟರ್:

ಸರಿ ಸಾರ್. ಕತ್ತರಿಸ್ಲಿಲ್ಲ, ಬೆಳಿಗ್ಗೆ ಮೊದ್ಲ ಬಸ್ಸಿಗೆ ಬಂದು ತೆಗ್ದೆ. ಮತ್ತೆ ಇವತ್ತು ಮೇಸ್ತ್ರಿನೂ ಅವರದೇ ಒಂದು ಬೀಗ ಮನೆಯಿಂದ ತಂದಿದಾರೆ. ಅಜ್ಜನ ಕಾಲದ ಹಿತ್ತಾಳೆ ಬೀಗ, ಅಂಗೈ ಅಗಲ ಐತೆ, ಎಸ್‌ಎಫ್‌ಯು ತೂತಿಗೆ ಹೋಗ್ತಾನೇ ಇಲ್ಲ. ತೂತನ್ನೇ ದೊಡ್ಡದು ಮಾಡೋಣ ಡ್ರಿಲ್ ತಗೊಂಡು ಬಾ ಅಂತಾವ್ರೆ, ಬೇಡ ಅಂತ ಹೇಳೋಕೆ ಹೋಗ್ತಾ ಇದೀನಿ.